ಶಾಲೆಯಲ್ಲಿ ದಿನಾ ಜಮಾತ್ ನಮಾಜ್ ಮಾಡಿಸಿದರೆ ಮಕ್ಕಳಲ್ಲಿ ಒಳ್ಳೆಯ ಗುಣ ಬೆಳೆಯುತ್ತದೆಯೇ?

ಎಂಟು ವರ್ಷದ ಮಗನನ್ನು ಬೀದರ್‌ನ ಇಸ್ಲಾಮಿಕ್ ಶಾಲೆಯೊಂದಕ್ಕೆ ಸೇರಿಸಬೇಕು ಅಂತಿದ್ದೀರಿ. ಅಲ್ಲಿ ಮಧ್ಯಾಹ್ನ ಎಲ್ಲ ಹುಡುಗರೂ ಜಮಾತ್‌ನಲ್ಲಿ, ಅಂದರೆ ಒಟ್ಟಾಗಿ ಸಾಲಲ್ಲಿ ನಿಂತು, ನಮಾಜ್ ಮಾಡಬೇಕಂತೆ. ಇದರಿಂದ ಗುಣ ಬೆಳೆಯುತ್ತದಾ, ಇಲ್ಲ ಸುಮ್ನೆ ಸಾಲಲ್ಲಿ ನಿಲ್ಲಿಸುವುದಾ ಎಂದು ಕೇಳಿದ್ದೀರಿ. ನಾನು ಇದೇ ಊರಲ್ಲಿ ಅಂಥದ್ದೇ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಜುಹರ್ (ಮಧ್ಯಾಹ್ನದ) ನಮಾಜಿಗೆ ಮಕ್ಕಳ ಜೊತೆಗೇ ನಿಲ್ಲುತ್ತೇನೆ.

ಬೆಳೆಯುತ್ತದೆ. ಆದರೆ ಯಾಕೆ ಹೀಗೆ ಮಾಡುತ್ತೇವೆ ಅಂತ ಬಿಡಿಸಿ ಹೇಳುವವರು ಅಲ್ಲಿರಬೇಕು.

ತಡವಾಗಿ ಬಂದ ಹುಡುಗನನ್ನೇ ನೋಡಿ. ಓಡಿ ಬರಬೇಡಿ, ಸಮಾಧಾನವಾಗಿ ಬನ್ನಿ, ಸಿಕ್ಕಷ್ಟನ್ನು ಜೊತೆಯಲ್ಲಿ ಮಾಡಿ, ಬಿಟ್ಟುಹೋದದ್ದನ್ನು ಆಮೇಲೆ ಪೂರ್ತಿ ಮಾಡಿ ಎಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ಜುಹರ್‌ಗೆ ನಾಲ್ಕು ರಕಾತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು) ಫರ್ಜ್, ಅಂದರೆ ಕಡ್ಡಾಯ. ಎರಡು ಮುಗಿದ ಮೇಲೆ ಬಂದವನು, ಮುಂದೆ ನಿಂತು ನಮಾಜ್ ಮಾಡಿಸುವ ಇಮಾಮರು ಯಾವ ಹಂತದಲ್ಲಿದ್ದಾರೋ ಅಲ್ಲಿಂದಲೇ ಸೇರಿಕೊಳ್ಳುತ್ತಾನೆ. ಇಮಾಮರು ಸಲಾಂ ಹೇಳಿ ನಮಾಜ್ ಮುಗಿಸಿದ ಮೇಲೆ ಎದ್ದು ಉಳಿದ ಎರಡನ್ನು ತಾನೇ ಮುಗಿಸುತ್ತಾನೆ. ಅವನನ್ನು ಯಾರೂ ಹೊರಗೆ ಹಾಕುವುದಿಲ್ಲ. ಬಾಕಿ ಉಳಿದದ್ದು ಮಾಫಿಯೂ ಆಗುವುದಿಲ್ಲ. ಹೋಂವರ್ಕ್ ಬಿಟ್ಟು ಬಂದವನಿಗೆ ನಾನು ಇದನ್ನೇ ನೆನಪಿಸುತ್ತೇನೆ, ಅವನಿಗೆ ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ನನಗೆ ಬಹಳ ಇಷ್ಟ. ಇಮಾಮರು ಮರೆತು ಐದನೇ ರಕಾತ್‌ಗೆ ಎದ್ದರೆ ಹಿಂದಿನವರು 'ಸುಬ್ಹಾನಲ್ಲಾಹ್' (ಅಲ್ಲಾಹನು ಪರಿಶುದ್ಧ) ಎಂದು ಎಚ್ಚರಿಸುತ್ತಾರೆ. ಇಮಾಮರು ಕೂತುಕೊಳ್ಳುತ್ತಾರೆ, ಮರೆತದ್ದಕ್ಕೆ ಕೊನೆಗೆ ಎರಡು ಸಜ್ದಾ (ಹಣೆ ನೆಲಕ್ಕಿಡುವುದು) ಜಾಸ್ತಿ ಮಾಡುತ್ತಾರೆ. ಸ್ವತಃ ಪ್ರವಾದಿಯವರು (ಸ) ಒಮ್ಮೆ ನಾಲ್ಕರ ಬದಲು ಎರಡಕ್ಕೇ ನಮಾಜ್ ಮುಗಿಸಿದಾಗ ಸಾಲಿನಲ್ಲಿದ್ದ ಒಬ್ಬರು ಮರೆತಿರಾ ಎಂದು ಕೇಳಿದರು. ಪ್ರವಾದಿಯವರು ಉಳಿದದ್ದನ್ನು ಪೂರ್ತಿ ಮಾಡಿದರು. ಮುಂದೆ ನಿಂತವರೂ ತಪ್ಪಬಹುದು, ಅದನ್ನು ಮರ್ಯಾದೆಯಿಂದ ಹೇಳಬೇಕು, ಹೇಳಿಸಿಕೊಂಡವರು ತಿದ್ದಿಕೊಳ್ಳಬೇಕು. ಇದನ್ನು ದಿನಾ ನೋಡುತ್ತಾ ಬೆಳೆದ ಮಗು ಬೋರ್ಡಿನ ಮೇಲೆ ನಾನು ತಪ್ಪು ಬರೆದರೂ ಕೈ ಎತ್ತುತ್ತದೆ. ನನಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ನಮ್ಮೂರಿನ ಮಹಮೂದ್ ಗವಾನ್ ಮದರಸಾ ನೋಡಿರುತ್ತೀರಲ್ವಾ? 1472ರಲ್ಲಿ ಕಟ್ಟಿದ್ದು. ಮಸೀದಿ, ಗ್ರಂಥಾಲಯ, ಪಾಠದ ಹಾಲ್‌ಗಳು, ಹುಡುಗರ ಕೋಣೆಗಳು ಎಲ್ಲ ಒಂದೇ ಕಟ್ಟಡದಲ್ಲಿದ್ದವು. ನಮಾಜ್ ಬೇರೆ, ಓದು ಬೇರೆ ಎಂದು ಅವರು ಗೋಡೆ ಹಾಕಲಿಲ್ಲ.

ಆದರೆ ಕೋಲು ಹಿಡಿದು ಸಾಲು ಸರಿ ಮಾಡುವ ಶಾಲೆಯಾದರೆ ಬೇಡವೇ ಬೇಡ. ಮಗು ಅಳುವ ದನಿ ಕೇಳಿದರೆ ಪ್ರವಾದಿಯವರು (ಸ) ನಮಾಜನ್ನೇ ಚಿಕ್ಕದು ಮಾಡುತ್ತಿದ್ದರು. ತೋರಿಕೆಗೆ ನಮಾಜ್ ಮಾಡಿ, ನೆರೆಯವರಿಗೆ ಸಣ್ಣಪುಟ್ಟ ಸಾಮಾನನ್ನೂ ಕೊಡದವರನ್ನು ಕುರ್‌ಆನ್‌ನ 107ನೇ ಸೂರಾ (ಅಧ್ಯಾಯ) 'ಮಾಊನ್' ಖಂಡಿಸುತ್ತದೆ. ಹೆದರಿಸಿ ನಿಲ್ಲಿಸಿದರೆ ಮಕ್ಕಳು ಕಲಿಯುವುದು ಆ ತೋರಿಕೆಯನ್ನೇ.

ಒಂದು ದಿನ ಜುಹರ್ ಹೊತ್ತಿಗೆ ಕೇಳಿಕೊಂಡು ಹೋಗಿ ನೋಡಿ. ಮೇಷ್ಟ್ರು, ಜವಾನ, ಬಸ್ ಡ್ರೈವರ್ ಮಕ್ಕಳ ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರಾ? ಪ್ರಿನ್ಸಿಪಾಲರಿಗೆ ಅಂತ ಮುಂದೆ ಜಾಗ ಹಿಡಿದಿರುತ್ತಾರಾ? ಆಮೇಲೆ, ಹುಡುಗ ನಮಾಜ್ ತಪ್ಪಿಸಿದರೆ ಏನು ಮಾಡುತ್ತೀರಿ ಎಂದು ಕೇಳಿ. ಕೂರಿಸಿಕೊಂಡು ಮಾತಾಡುತ್ತೇವೆ ಎಂದರೆ ಸೇರಿಸಿ. ಏಟು, ಫೈನ್ ಎಂದರೆ ಬೇರೆ ಶಾಲೆ ನೋಡಿ.