ಸಿಆರ್‌ಪಿ 12 ಅಂದರೆ ಎಷ್ಟು?

ತೀರ್ಥಹಳ್ಳಿಯಿಂದ ಲೇಖನ ಕಳಿಸಿದ ತಂಗಿಗೆ,

ನಮಸ್ಕಾರ. ನಿಮ್ಮ ‘ರಕ್ತ ನುಡಿದ ಭವಿಷ್ಯ’ ಲೇಖನವನ್ನು ಎರಡು ಸಲ ಓದಿದೆ. 2021ರ ಮೇ ತಿಂಗಳಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡಿದ ಅನುಭವ ಬರೆದಿದ್ದೀರಿ. ವಾರ್ಡಿನಲ್ಲಿರುವ ಕೊರೋನಾ ರೋಗಿಗಳಲ್ಲಿ ಯಾರಿಗೆ ಕಾಯಿಲೆ ಜೋರಾಗುತ್ತದೆ ಅಂತ ರಕ್ತಪರೀಕ್ಷೆ ಹೇಗೆ ಮೊದಲೇ ಸುಳಿವು ಕೊಡುತ್ತಿತ್ತು ಎಂದು ವಿವರಿಸಿದ್ದೀರಿ. ಶುರು ಚೆನ್ನಾಗಿದೆ. ನೀಲಿ ಮುಚ್ಚಳದ ಟ್ಯೂಬು ಗೆರೆಯವರೆಗೆ ತುಂಬದಿದ್ದರೆ, ರಕ್ತ ಹೆಪ್ಪುಗಟ್ಟಿದ್ದರ ಸುಳಿವು ಕೊಡುವ ಡಿ-ಡೈಮರ್ ಪರೀಕ್ಷೆ ಮಾಡಲು ಬರುವುದಿಲ್ಲ, ಮತ್ತೆ ಸೂಜಿ ಚುಚ್ಚಬೇಕು ಅಂತ ಬರೆದಿದ್ದೀರಲ್ಲ, ಅದು ಆ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವ ಮಾತು. ಭಾಷೆಯೂ ಸರಳವಾಗಿದೆ.

ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಸ್ವಲ್ಪ ಖಾರವಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇ ಪುಟದ ಈ ಸಾಲು ತೆಗೆಯಿರಿ: “ಸಿಆರ್‌ಪಿ 12 ಅಂತ ಮೆಷಿನ್ ತೋರಿಸಿದಾಗಲೇ ನನಗೆ ಗೊತ್ತಾಯಿತು, ಇವರ ಕಥೆ ಮುಗಿಯಿತು.”

ಸಿಆರ್‌ಪಿ ಅಂದರೆ ಮೈಯೊಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆ, ಸರಿ. ಹನ್ನೆರಡು ಏನು? ಲೀಟರಿಗೆ 12 ಮಿಲಿಗ್ರಾಂ ಇದ್ದರೆ ಅದು ಸಣ್ಣ ಏರಿಕೆ. ಜೋರು ಶೀತ ಜ್ವರ ಬಂದವರಲ್ಲೂ ಅಷ್ಟು ಇರಬಹುದು. ಡೆಸಿಲೀಟರಿಗೆ 12 ಮಿಲಿಗ್ರಾಂ ಆದರೆ ಲೀಟರಿಗೆ 120 ಆಯಿತು. ಹತ್ತು ಪಟ್ಟು. ಒಂದು ಲ್ಯಾಬು ಹೀಗೆ ಕೊಡುತ್ತದೆ, ಇನ್ನೊಂದು ಹಾಗೆ ಕೊಡುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಈ ವ್ಯತ್ಯಾಸ ಬರೀ ಲೆಕ್ಕದ್ದೂ ಅಲ್ಲ. ಕೊರೋನಾ ಔಷಧಿಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ‘ರಿಕವರಿ’ ಪ್ರಯೋಗದಲ್ಲಿ ಉರಿಯೂತ ತಗ್ಗಿಸುವ ಟೊಸಿಲಿಜುಮ್ಯಾಬ್ ಔಷಧಿಯನ್ನು ಪರೀಕ್ಷಿಸಿದ್ದು ಯಾರ ಮೇಲೆ? ಆಮ್ಲಜನಕ ಕಡಿಮೆಯಾಗಿದ್ದು, ಜೊತೆಗೆ ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದವರ ಮೇಲೆ. ನಿಮ್ಮ 12 ಆ ಗೆರೆಯ ಈಚೆಗೂ ಬೀಳಬಹುದು, ಆಚೆಗೂ ಬೀಳಬಹುದು. ಓದುವವರಿಗೆ ತಿಳಿಯುವುದು ಹೇಗೆ?

ಅದೇ ಪುಟದಲ್ಲಿ ಕೆಳಗೆ: “ಡಿ-ಡೈಮರ್ ಎರಡು ಸಾವಿರ ದಾಟಿತ್ತು.” ನ್ಯಾನೋಗ್ರಾಂ ಅಂತ ಊಹಿಸಿಕೊಂಡೆ. ಆದರೂ ಸಾಲದು. ಡಿ-ಡೈಮರ್‌ಗೆ ಎಫ್‌ಇಯು, ಡಿಡಿಯು ಅಂತ ಎರಡು ಲೆಕ್ಕಗಳಿವೆ, ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು. ಯಾವ ಲೆಕ್ಕ, ಆ ಲೆಕ್ಕದಲ್ಲಿ ಆರೋಗ್ಯವಂತರಿಗೆ ಎಷ್ಟಿರುತ್ತದೆ, ಎರಡನ್ನೂ ಹೇಳಬೇಕು. ನಮ್ಮ ಕಡೆ ಮಂಗನ ಕಾಯಿಲೆ, ಡೆಂಗಿ ನೋಡಿ ನೋಡಿ ಪ್ಲೇಟ್‌ಲೆಟ್ ನಲವತ್ತು ಸಾವಿರ ಅಂದರೆ ಅಡಿಕೆ ಸುಲಿಯುತ್ತಾ ಕೂತವರೂ ಕೈ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ. ಒಂದೂವರೆ ಲಕ್ಷದ ಮೇಲಿರಬೇಕು ಅಂತ ಅವರಿಗೆ ಗೊತ್ತು. ಸಿಆರ್‌ಪಿ, ಡಿ-ಡೈಮರ್ ಇನ್ನೂ ಹಾಗೆ ಜನರ ಬಾಯಿಗೆ ಬಂದಿಲ್ಲ. 2021ರಲ್ಲಿ ಎಲ್ಲರೂ ಆ ಹೆಸರುಗಳನ್ನು ಹೇಳುತ್ತಿದ್ದರು ನಿಜ. ಫೋನಿನಲ್ಲಿ ಬರೀ ಅಂಕಿ ಓಡಾಡುತ್ತಿತ್ತು, ಅರ್ಥ ಓಡಾಡುತ್ತಿರಲಿಲ್ಲ.

ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂತ ಹೇಳಬೇಕು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದೆ. ಮಳೆಗಾಲದಲ್ಲಿ ಮಳೆ ಸುದ್ದಿ ನನ್ನ ಪಾಲಿಗೆ. ಲಿಂಗನಮಕ್ಕಿಯ ನೀರಿನ ಮಟ್ಟ, ಆಗುಂಬೆ, ಹುಲಿಕಲ್ ಕಡೆಯ ಮಳೆ. ಒಂದು ಸಂಜೆ ಹುಲಿಕಲ್ ಕಡೆಯಿಂದ ಒಬ್ಬರು ಫೋನ್ ಮಾಡಿ ಹೇಳಿದ್ದನ್ನು ಹಾಗೇ ಬರೆದೆ: “ಹುಲಿಕಲ್‌ನಲ್ಲಿ ನಿನ್ನೆ 11 ಮಳೆ.” ನಮ್ಮ ಸಂಪಾದಕರು ಕರೆದರು. ಬೈಯಲಿಲ್ಲ. “ಹನ್ನೊಂದು ಏನು?” ಅಂದರು. ತೋಟದವರು ಇಂಚಿನಲ್ಲಿ ಅಳೆಯುತ್ತಾರೆ, ಸರ್ಕಾರದವರದ್ದು ಬೇರೆ ಲೆಕ್ಕ. 11 ಸೆಂಟಿಮೀಟರ್ ಅಂದರೆ ಆ ಕಡೆ ಮಾಮೂಲಿ ದಿನ. 11 ಇಂಚು ಅಂದರೆ 28 ಸೆಂಟಿಮೀಟರ್, ಘಟ್ಟದ ರಸ್ತೆ ಏನಾಯಿತೋ ಅಂತ ಮನೆಯವರು ಹೆದರಬೇಕಾದ ಮಳೆ. ನನಗೆ ಉತ್ತರ ಗೊತ್ತಿರಲಿಲ್ಲ. ಜೋಡಿಸಿಟ್ಟ ಸಾಲನ್ನು ಅವರು ನನ್ನ ಕೈಯಲ್ಲೇ ಬಿಚ್ಚಿಸಿದರು. ಮರುದಿನ ಬೆಳಗಿನ ಬಸ್ಸಿಗೆ ಹತ್ತಿಸಿ, ಮಳೆ ಅಳೆಯುವ ಪಾತ್ರೆಯನ್ನು ಕಣ್ಣಾರೆ ನೋಡಿಕೊಂಡು ಬಾ ಅಂದರು. ನೆನೆದು ಹೋಗಿ, ನೆನೆದು ಬಂದೆ. ಇಂಚೇ ಆಗಿತ್ತು. ಅವತ್ತಿನಿಂದ ಅಳತೆ ಇಲ್ಲದ ಅಂಕಿ ಕಂಡರೆ ಕೈ ತಾನಾಗಿ ಕೆಂಪು ಪೆನ್ಸಿಲ್‌ಗೆ ಹೋಗುತ್ತದೆ. ನಿಮ್ಮ ಪ್ರತಿಯ ಅಂಚಿನಲ್ಲಿ ಏಳು ಕಡೆ “ಏನು?” ಅಂತ ಬರೆದಿದ್ದೇನೆ.

ಈಗ ನಿದ್ದೆ ಕೆಡಿಸಿದ ಸಾಲು. ಮೂರನೇ ಪುಟ: “ರಕ್ತ ಎರಡು ದಿನ ಮೊದಲೇ ಸಾವನ್ನು ನುಡಿದಿತ್ತು.”

ರಕ್ತ ನುಡಿಯುವುದಿಲ್ಲ, ತಂಗಿ. ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಎದ್ದಾಗ ಲಿವರ್ ಮಾಡುವ ಒಂದು ಪ್ರೋಟೀನು. ಅದನ್ನು ಕಂಡುಹಿಡಿದದ್ದು 1930ರಲ್ಲಿ, ನ್ಯೂಯಾರ್ಕಿನಲ್ಲಿ, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಕೊರೋನಾಕ್ಕಿಂತ ತೊಂಬತ್ತು ವರ್ಷ ಮೊದಲು. ನಮ್ಮ ಗದ್ದೆ ಕೆಲಸದವರಿಗೆ ಬರುವ ಇಲಿಜ್ವರದಲ್ಲೂ ಅದು ಏರುತ್ತದೆ. ಡಿ-ಡೈಮರ್ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರು. ವಯಸ್ಸಾದವರಲ್ಲಿ, ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ ಕೊರೋನಾ ಇಲ್ಲದೆಯೂ ಜಾಸ್ತಿ ಇರುತ್ತದೆ. ಒಳಗೆ ಏನೋ ಜೋರಾಗಿ ನಡೆಯುತ್ತಿದೆ ಅಂತ ಇವು ಹೇಳುತ್ತವೆ. ಈ ಮನುಷ್ಯ ಉಳಿಯುತ್ತಾನಾ ಅನ್ನುವುದು ಬೇರೆ ಪ್ರಶ್ನೆ.

ನೀವು ಮುಂದಿನ ಸಾಲಿನಲ್ಲೇ “ಮೂರು ರಕ್ತಪರೀಕ್ಷೆಯಿಂದ ಹತ್ತು ದಿನ ಮೊದಲೇ ಶೇ. 90ರಷ್ಟು ನಿಖರವಾಗಿ ಸಾವು ತಿಳಿಯುತ್ತದೆ” ಅಂತ ಬರೆದಿದ್ದೀರಿ. ಅದು ವುಹಾನ್‌ನ 485 ರೋಗಿಗಳ ರಕ್ತದ ಮೇಲೆ ಕಟ್ಟಿದ ಲೆಕ್ಕ. ನೋಡಿದ್ದು ಎಲ್‌ಡಿಹೆಚ್ ಎಂಬ ಕಿಣ್ವ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ, ಸಿಆರ್‌ಪಿ. 2020ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅಷ್ಟಕ್ಕೇ ನಿಲ್ಲಿಸಿಬಿಟ್ಟಿರಿ. ಅದೇ ವರ್ಷ ನವೆಂಬರಿನಲ್ಲಿ ನೆದರ್ಲೆಂಡ್ಸ್, ಫ್ರಾನ್ಸ್, ನ್ಯೂಯಾರ್ಕ್‌ನ ವೈದ್ಯರು ಅದನ್ನೇ ತಮ್ಮ ರೋಗಿಗಳ ಮೇಲೆ ನೋಡಿದಾಗ ಅಷ್ಟು ಚೆನ್ನಾಗಿ ನಡೆಯಲಿಲ್ಲ ಎಂದು ಬರೆದರು. ಆ ಲೆಕ್ಕ ಕಲಿತದ್ದು ಪ್ರತಿ ರೋಗಿಯ ಕೊನೆಯ ರಕ್ತಪರೀಕ್ಷೆಯಿಂದ. ನಿಮಗೆ ಬೇಕಾಗಿದ್ದದ್ದು ಸೇರಿಸಿಕೊಂಡ ದಿನವೇ ಹೇಳುವ ಲೆಕ್ಕ, ಅಲ್ವಾ?

ಇನ್ನೊಂದನ್ನು ನೋಡಿ. ಬ್ರಿಟನ್ನಿನಲ್ಲಿ 57 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟುಕೊಂಡು 4ಸಿ ಎಂಬ ಅಂಕಪಟ್ಟಿ ಮಾಡಿದರು. ಒಟ್ಟು 21 ಅಂಕ. ನೋಡುವುದು ಎಂಟು ಸಂಗತಿ. ರಕ್ತದಿಂದ ಬರುವುದು ಯೂರಿಯಾ, ಸಿಆರ್‌ಪಿ ಎರಡೇ. ಉಳಿದದ್ದು ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆಗಳು, ಉಸಿರಿನ ವೇಗ, ಆಮ್ಲಜನಕ, ಎಚ್ಚರ ಎಷ್ಟಿದೆ ಎಂಬುದು. ಅಂದರೆ ಹಾಸಿಗೆಯ ಪಕ್ಕ ನಿಂತು ನೋಡುವಂಥದ್ದು. 3 ಅಥವಾ ಕಡಿಮೆ ಅಂಕ ಬಂದವರಲ್ಲಿ ನೂರಕ್ಕೆ ಒಬ್ಬರು ತೀರಿಕೊಂಡರು. 15 ಅಥವಾ ಜಾಸ್ತಿ ಬಂದವರಲ್ಲಿ ನೂರಕ್ಕೆ 62 ಜನ. ಇಂಥ ಪಟ್ಟಿಯಿಂದ ಉಪಯೋಗ ಬಹಳ ಇದೆ. ಹಾಸಿಗೆ ಹತ್ತು, ರೋಗಿಗಳು ಮೂವತ್ತು ಇದ್ದಾಗ ಯಾರ ಮೇಲೆ ಮೊದಲು ಕಣ್ಣಿಡಬೇಕು ಅಂತ ವೈದ್ಯರಿಗೆ ಗೊತ್ತಾಗುತ್ತದೆ. ಆದರೆ ಆ 62ರ ಪಕ್ಕದಲ್ಲಿ 38 ಜನ ಇದ್ದಾರೆ. ಅತಿ ಕೆಟ್ಟ ಅಂಕ ಬಂದೂ ಸಾಯದೆ ಉಳಿದವರು. ನಿಮ್ಮ “ಕಥೆ ಮುಗಿಯಿತು” ಎಂಬ ಮಾತಿನಲ್ಲಿ ಅವರಿಗೆ ಜಾಗವೇ ಇಲ್ಲ.

ಇದಕ್ಕೆ ಉಲ್ಟಾ ಇನ್ನೊಂದು ಇದೆ. ನನ್ನ ಭಾವ ಅದೇ ಮೇ ತಿಂಗಳಲ್ಲಿ ಆಸ್ಪತ್ರೆ ಸೇರಿದರು. ಮೊದಲ ದಿನದ ಸಿಆರ್‌ಪಿ ಲೀಟರಿಗೆ 9 ಮಿಲಿಗ್ರಾಂ. ಅಕ್ಕ ಅದನ್ನು ಫೋನಿನಲ್ಲಿ ಎಲ್ಲರಿಗೂ ಓದಿ ಹೇಳಿದಳು. ಏನೂ ಆಗೋಲ್ಲ ಅಂತ ನಾವೆಲ್ಲ ಸಮಾಧಾನ ಮಾಡಿಕೊಂಡೆವು. ನಾಲ್ಕನೇ ದಿನ ಉಸಿರು ಕಟ್ಟತೊಡಗಿತು. ಆಗ ಮತ್ತೆ ನೋಡಿದಾಗ ಸಿಆರ್‌ಪಿ ಏರಿಬಿಟ್ಟಿತ್ತು. ಅವರು ಮನೆಗೆ ಬರಲಿಲ್ಲ. ಆ 9 ಅನ್ನು ನಾವು ಮಾತು ಕೊಟ್ಟ ಹಾಗೆ ನಂಬಿಕೊಂಡಿದ್ದೆವು. ಒಂದು ದಿನದ ಅಂಕಿ ಆ ದಿನದ್ದು ಮಾತ್ರ, ಅದು ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ನೋಡಬೇಕು ಎಂದು ನಮಗೆ ಗೊತ್ತಿರಲಿಲ್ಲ. ಅದನ್ನು ನೀವು ಬರೆಯಬಹುದಿತ್ತು. ನಿಮ್ಮ ಮುಂದೆ ಒಬ್ಬನೇ ರೋಗಿಯ ಸ್ಯಾಂಪಲ್ ದಿನಾ ಬರುತ್ತಿತ್ತು.

ಕೊನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ಒಂದೇ ಒಂದು ಸಾಲು, ಅವಸರದಲ್ಲಿ ಬರೆದ ಹಾಗಿದೆ: “ಎಂಟನೇ ಹಾಸಿಗೆಯ ಅಜ್ಜಿಯ ರಿಪೋರ್ಟೂ ಹಾಗೇ ಇತ್ತು, ಆದರೆ ಅವರು ಹೇಗೋ ಮನೆಗೆ ಹೋದರು.”

ಹೇಗೋ! ಆರು ಪುಟ ಬರೆದು, ಮುಖ್ಯವಾದ ಮನುಷ್ಯಳನ್ನು “ಹೇಗೋ” ಅಂತ ಕಳಿಸಿಬಿಟ್ಟಿರಿ. ನಿಮ್ಮ ಲೇಖನದ ದಾರಿಗೆ ಆ ಅಜ್ಜಿ ಅಡ್ಡ ಬಂದರು, ಅದಕ್ಕೇ ಬೇಗ ದಾಟಿಸಿದಿರಿ ಅಂತ ನನಗೆ ಅನ್ನಿಸಿತು. ಅವರ ಡಿ-ಡೈಮರ್ ಮೂರನೇ ದಿನ ಎಷ್ಟಿತ್ತು, ಆರನೇ ದಿನ ಎಷ್ಟಿತ್ತು? ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಡುತ್ತಿದ್ದರಾ? ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಶುರುವಾದ ಮೇಲೆ ಸಿಆರ್‌ಪಿ ಇಳಿಯಿತಾ? ಇಳಿದ ಅಂಕಿ ಮೆಷಿನ್ನಿನಲ್ಲಿ ಕಂಡಾಗ ನೀವು ಏನು ಮಾಡಿದಿರಿ? ಪಕ್ಕದವರನ್ನು ಕರೆದು ತೋರಿಸಿದಿರಾ?

ಮತ್ತೆ ಬರೆಯಿರಿ. ಅಜ್ಜಿಯಿಂದ ಶುರು ಮಾಡಿ. ತೀರಿಕೊಂಡವರ ಊರು, ಹಾಸಿಗೆ ನಂಬರು ತೆಗೆದುಹಾಕಿ, ಅವರ ಮನೆಯವರು ಈ ಪತ್ರಿಕೆ ಓದುತ್ತಾರೆ. ಅಜ್ಜಿಯನ್ನು ಅಥವಾ ಅವರ ಮಕ್ಕಳನ್ನು ಕೇಳಿ, ಒಪ್ಪಿದರೆ ಮಾತ್ರ ಅವರ ಅಂಕಿಗಳನ್ನು ಬಳಸಿ. ಪ್ರತಿ ಅಂಕಿಯ ಮುಂದೆ ಅಳತೆ ಇರಲಿ. ತಲೆಬರಹ ನಾನು ಯೋಚಿಸುತ್ತೇನೆ, ‘ಭವಿಷ್ಯ’ ಬೇಡ. ದೀಪಾವಳಿ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗೆ ಇಟ್ಟಿದ್ದೇನೆ. ಕೆಂಪು ಗುರುತು ಹಾಕಿದ ಪ್ರತಿ ಇದರ ಜೊತೆಗಿದೆ.