ಓದುಗರ ಪ್ರಶ್ನೆ: ಚಿಪ್ ಹೇಳಿದ್ದನ್ನೆಲ್ಲ ನಂಬಬೇಕೆ?

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ನನ್ನ ಗೆಳತಿ ಗುಡಿಕ್ಸ್ ಜಿಟಿ911 ಟಚ್ ಚಿಪ್‌ಗೆ ಲಿನಕ್ಸ್ ಕರ್ನೆಲ್ ಡ್ರೈವರನ್ನು (ಚಿಪ್ಪನ್ನು ನಡೆಸುವ ಕೋಡನ್ನು) ತಾನೇ ಬರೆದಿದ್ದಾಳೆ. ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೋಡ್ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಒಂದು ತಪ್ಪನ್ನೂ ತೋರಿಸುತ್ತಿಲ್ಲ, ಪರದೆಯೂ ಕೆಲಸ ಮಾಡುತ್ತಿದೆ. ಇನ್ನು ನೋಡಬೇಕಾದ್ದೇನು? ಎಲ್ಲಿಂದ ಶುರು ಮಾಡಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಚೆಕ್‌ಪ್ಯಾಚ್ ಹೆಚ್ಚಾಗಿ ಬರವಣಿಗೆಯ ಶಿಸ್ತನ್ನಷ್ಟೇ ನೋಡುತ್ತದೆ. ನಿಮ್ಮ ಕೆಲಸ ಅದು ಮುಗಿದ ಮೇಲೆ ಶುರು. ಫೈಲನ್ನು ಮೊದಲ ಸಾಲಿನಿಂದ ಓದಬೇಡಿ. ಚಿಪ್ ಸೂಚನೆ ಕೊಟ್ಟಾಗ ಓಡುವ ಫಂಕ್ಷನ್ ಆದ ಇಂಟರಪ್ಟ್ ಹ್ಯಾಂಡ್ಲರನ್ನು ಹುಡುಕಿ, ಬೆರಳು ತಾಗಿದ ಕ್ಷಣದಿಂದ ವರದಿ ಮುಗಿಯಿತೆಂದು ತಿಳಿಸುವ ಇನ್‌ಪುಟ್_ಸಿಂಕ್ ಕರೆಯುವವರೆಗೆ ಒಂದೇ ಒಂದು ಸ್ಪರ್ಶದ ಬೆನ್ನು ಹಿಡಿದು ಹೋಗಿ.

ಈ ಚಿಪ್‌ನಲ್ಲಿ ಸ್ಥಿತಿ ತಿಳಿಸುವ ರಿಜಿಸ್ಟರಿನ (ಚಿಪ್ಪೊಳಗಿನ ಮಾಹಿತಿ ಗೂಡಿನ) ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯೆ) 814ಇ. ಅದರ 7ನೇ ಬಿಟ್ 1 ಇದ್ದರೆ ಮಾಹಿತಿ ಸಿದ್ಧವಾಗಿದೆ ಎಂದರ್ಥ. ಕೆಳಗಿನ 4 ಬಿಟ್‌ಗಳು ಎಷ್ಟು ಬೆರಳು ಎಂದು ಹೇಳುತ್ತವೆ. 814ಎಫ್‌ನಿಂದ ಮುಂದೆ ಬೆರಳಿಗೆ 8 ಬೈಟ್‌ನಂತೆ ವಿವರ ಇರುತ್ತದೆ. ಜಿಟಿ911 ಗುರುತಿಸುವುದು ಹೆಚ್ಚೆಂದರೆ 5 ಬೆರಳು, ಹಾಗಾಗಿ ಬರೆದವರು 1 + 40 = 41 ಬೈಟ್‌ನ ಬಫರ್ (ಓದಿದ್ದನ್ನು ಇಡುವ ಜಾಗ) ಇಟ್ಟಿರುತ್ತಾರೆ. ಐದು ಬೆರಳಿಟ್ಟರೆ ಸ್ಥಿತಿ ಬೈಟು ಹೆಕ್ಸ್ 85. ಆದರೆ ಆ 4 ಬಿಟ್‌ಗಳಲ್ಲಿ 15ರವರೆಗೆ ಸಂಖ್ಯೆ ಹಿಡಿಯುತ್ತದಲ್ಲ! ತಂತಿಯಲ್ಲಿನ ಗದ್ದಲದಿಂದ 85ರ ಬದಲು 8ಎಫ್ ಬಂತೆನ್ನಿ. ಡ್ರೈವರ್ 120 ಬೈಟ್ ಓದಲು ಹೊರಟು ಬಫರಿನಾಚೆಯ ಕರ್ನೆಲ್ ಮೆಮೊರಿಯ ಮೇಲೆ ಬರೆದುಬಿಡುತ್ತದೆ. ಮೇಜಿನ ಮೇಲೆ ಚೆನ್ನಾಗಿ ಓಡುತ್ತಿದ್ದ ಯಂತ್ರ ಇನ್ನೆಲ್ಲೋ, ಇನ್ಯಾವಾಗಲೋ ಕುಸಿಯುವುದು ಹೀಗೆ. ಸಂಖ್ಯೆ 5ಕ್ಕಿಂತ ಹೆಚ್ಚಿದ್ದರೆ ಆ ಓದನ್ನು ಬಿಟ್ಟು ಹಿಂತಿರುಗುವ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಉಳಿದದ್ದೆಲ್ಲ ಎಷ್ಟೇ ಅಂದವಾಗಿರಲಿ, ಒಪ್ಪಿಗೆ ಕೊಡಬೇಡಿ.

ಹಾಗೆ ಹಿಂತಿರುಗುವಾಗಲೂ 814ಇಗೆ ಸೊನ್ನೆ ಬರೆದೇ ಬರಬೇಕು. ಆ ಸೊನ್ನೆ ಕಂಡ ಮೇಲೆಯೇ ಚಿಪ್ ಹೊಸ ಮಾಹಿತಿ ಕೊಡುವುದು. ಸರಿಯಾದ ದಾರಿಯಲ್ಲಿ ಬರೆದು, ತಪ್ಪಿನ ದಾರಿಯಲ್ಲಿ ಮರೆತಿರುವುದು ಬಹಳ ಸಾಮಾನ್ಯ. ಲಕ್ಷಣ: ಟಚ್ ಅಪರೂಪಕ್ಕೊಮ್ಮೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ.

ಎಕ್ಸ್, ವೈ ಬೆಲೆಗಳಲ್ಲಿ ಕಿರಿಯ ಬೈಟು ಮೊದಲು ಬರುತ್ತದೆ. 20, 03 ಎಂಬ ಎರಡು ಹೆಕ್ಸ್ ಬೈಟುಗಳೆಂದರೆ ಹೆಕ್ಸ್ 0320, ಅಂದರೆ 800. ಪಾಯಿಂಟರನ್ನು ನೇರವಾಗಿ 16 ಬಿಟ್ ಸಂಖ್ಯೆಯೆಂದು ಓದಿದ್ದರೆ ಕಿರಿಯ ಬೈಟು ಮೊದಲೆಂದೇ ಓದುವ ಗೆಟ್_ಅನ್‌ಅಲೈನ್ಡ್_ಎಲ್‌ಇ16 ಬಳಸಲು ಹೇಳಿ.

ಐ2ಸಿ (ಚಿಪ್ ಮತ್ತು ಬೋರ್ಡಿನ ನಡುವಿನ ಎರಡು ತಂತಿಯ ಸಂಪರ್ಕ) ಮೂಲಕ ಸಂದೇಶ ಕಳಿಸುವ ಐ2ಸಿ_ಟ್ರಾನ್ಸ್‌ಫರ್ ಹಿಂತಿರುಗಿಸುವುದು ಯಶಸ್ವಿಯಾದ ಸಂದೇಶಗಳ ಸಂಖ್ಯೆಯನ್ನು. ಎರಡು ಸಂದೇಶ ಕಳಿಸಿದ್ದರೆ 2 ಬರಬೇಕು. ಸೊನ್ನೆಗಿಂತ ಕಡಿಮೆಯೇ ಎಂದಷ್ಟೇ ನೋಡಿದ್ದರೆ ಸಾಲದು. ಅದೇ 2, ಡ್ರೈವರ್ ಚಿಪ್‌ಗೆ ಜೋಡಿಯಾಗುವಾಗ ಓಡುವ ಪ್ರೋಬ್ ಫಂಕ್ಷನ್‌ನಿಂದ ಹಾಗೆಯೇ ಹೊರಗೆ ಹೋಗಲೂಬಾರದು. ಈ ಐ2ಸಿ ವ್ಯವಹಾರ ನಿದ್ರಿಸಬಲ್ಲದ್ದು (ಉತ್ತರಕ್ಕಾಗಿ ಕಾಯಬಲ್ಲದ್ದು), ಆದ್ದರಿಂದ ಇಂಟರಪ್ಟ್ ಥ್ರೆಡೆಡ್ (ತನ್ನದೇ ಥ್ರೆಡ್‌ನಲ್ಲಿ ಓಡುವಂಥದ್ದು) ಆಗಿರಬೇಕು. ಮೊದಲ ಹ್ಯಾಂಡ್ಲರ್ ನಲ್ ಆಗಿದ್ದರೆ ಥ್ರೆಡ್ ಮುಗಿಯುವವರೆಗೆ ಆ ಇಂಟರಪ್ಟನ್ನು ತಡೆದಿಡುವ ಐಆರ್‌ಕ್ಯೂಎಫ್_ಒನ್‌ಶಾಟ್ ಕೂಡ ಬೇಕು.

ಕೊನೆಗೆ ಪ್ರೋಬ್ ಮತ್ತು ಡ್ರೈವರ್ ಬೇರ್ಪಡುವಾಗ ಓಡುವ ರಿಮೂವ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ರಿಮೂವ್ ಮುಗಿದ ಮೇಲೆಯೇ ಡೆವ್‌ಎಂ (ಕರ್ನೆಲ್ ತಾನೇ ಬಿಡುಗಡೆ ಮಾಡುವ) ಸಂಪನ್ಮೂಲಗಳು, ಪಡೆದ ಕ್ರಮಕ್ಕೆ ತಿರುಗುಮುರುಗಾಗಿ, ಬಿಡುಗಡೆಯಾಗುತ್ತವೆ. ಇಂಟರಪ್ಟನ್ನು ಡೆವ್‌ಎಂ ಮೂಲಕ ಪಡೆದು, ಚಿಪ್‌ಗೆ ಕರೆಂಟ್ ಕೊಡುವ ರೆಗ್ಯುಲೇಟರನ್ನು ರಿಮೂವ್‌ನಲ್ಲಿ ಕೈಯಾರೆ ಆರಿಸಿದ್ದರೆ, ಕರೆಂಟಿಲ್ಲದ ಚಿಪ್‌ಗೂ ಇಂಟರಪ್ಟ್ ಹ್ಯಾಂಡ್ಲರ್ ಜೀವಂತವಾಗಿರುತ್ತದೆ. ಆರಿಸುವ ಕೆಲಸವನ್ನು, ಇಂಟರಪ್ಟ್ ಪಡೆಯುವ ಮೊದಲೇ, ಡೆವ್‌ಎಂ_ಆ್ಯಡ್_ಆ್ಯಕ್ಷನ್_ಆರ್_ರಿಸೆಟ್‌ಗೆ ಒಪ್ಪಿಸಿದರೆ ಕ್ರಮ ತಾನಾಗಿ ಸರಿಹೋಗುತ್ತದೆ.

ಪ್ರಶ್ನೆ: ಅಡಿಕೆ ಮಂಡಿಯ ತೂಕದ ಯಂತ್ರಕ್ಕೆ ಇದೇ ಚಿಪ್ ಇರುವ ಪರದೆ ಹಾಕಿದ್ದೇವೆ. ಬೋರ್ಡ್‌ಗೆ ಯುಪಿಎಸ್ ಇದೆ, ಪರದೆಗೆ ಬೇರೆ ಅಡಾಪ್ಟರ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಚಿತ್ರ ಬರುತ್ತದೆ, ಟಚ್ ಸತ್ತಿರುತ್ತದೆ.
– ಓದುಗರು, ಸಾಗರ

ಉತ್ತರ: ಟಚ್ ಸತ್ತಾಗ, ಐ2ಸಿ ತಂತಿಯಲ್ಲಿ ಯಾವ ವಿಳಾಸಗಳಲ್ಲಿ ಚಿಪ್‌ಗಳಿವೆ ಎಂದು ತೋರಿಸುವ ಐ2ಸಿಡಿಟೆಕ್ಟ್ ಓಡಿಸಿ. ಚಿಪ್‌ನ ವಿಳಾಸವಾದ 5ಡಿ ಜಾಗದಲ್ಲಿ ಯುಯು ಎಂದೇ ಇರುತ್ತದೆ, ಅದನ್ನು ನೋಡಿ ಸಮಾಧಾನಪಡಬೇಡಿ; ಡ್ರೈವರ್ ಆ ವಿಳಾಸವನ್ನು ಹಿಡಿದಿದೆ ಎಂದಷ್ಟೇ ಅದರರ್ಥ. 14 ಎಂಬ ಜಾಗದಲ್ಲಿ ಹೊಸದಾಗಿ ಏನಾದರೂ ಕಂಡರೆ ಕಾರಣ ಸಿಕ್ಕಿತು. ಜಿಟಿ911 ತನ್ನ ವಿಳಾಸವನ್ನು ನಿರ್ಧರಿಸುವುದು ರಿಸೆಟ್‌ನಿಂದ ಹೊರಬರುವಾಗ: ಐಎನ್‌ಟಿ (ಇಂಟರಪ್ಟ್) ತಂತಿಯ ವೋಲ್ಟೇಜ್ ಕೆಳಗಿದ್ದರೆ 5ಡಿ, ಮೇಲಿದ್ದರೆ 14. ಪರದೆಗೆ ಮಾತ್ರ ಕರೆಂಟ್ ಹೋಗಿ ಬಂದಾಗ ಆ ತಂತಿಯನ್ನು ಹಿಡಿದಿಡುವವರು ಯಾರೂ ಇರುವುದಿಲ್ಲ.

ಸದ್ಯಕ್ಕೆ, ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ತೆರೆದಿಡುವ /sys ಕಡತಗಳಲ್ಲಿ) ಡ್ರೈವರನ್ನು ಅನ್‌ಬೈಂಡ್ (ಚಿಪ್‌ನಿಂದ ಬೇರೆ) ಮಾಡಿ ಮತ್ತೆ ಬೈಂಡ್ ಮಾಡಿ. ಪ್ರೋಬ್ ಹೊಸದಾಗಿ ಓಡಿ ರಿಸೆಟ್ ಮಾಡುತ್ತದೆ. ಇದಕ್ಕೆ ರಿಸೆಟ್, ಐಎನ್‌ಟಿ ಎರಡೂ ತಂತಿ ಬೋರ್ಡಿನ ಜಿಪಿಐಒಗೆ (ಕೋಡ್ ಮೇಲೆ ಕೆಳಗೆ ಮಾಡಬಲ್ಲ ಪಿನ್ನಿಗೆ) ಸೇರಿರಬೇಕು, ಬೋರ್ಡಿನ ಜೋಡಣೆ ವಿವರಿಸುವ ಡಿವೈಸ್ ಟ್ರೀಯಲ್ಲೂ ನಮೂದಾಗಿರಬೇಕು. ಕ್ರಮ ಹೀಗಿರಲಿ: ರಿಸೆಟ್ ತಂತಿ 10 ಮಿಲಿಸೆಕೆಂಡಿಗಿಂತ ಹೆಚ್ಚು ಕೆಳಗೆ, ಐಎನ್‌ಟಿಗೆ ಬೇಕಾದ ಮಟ್ಟ, 100 ಮೈಕ್ರೊಸೆಕೆಂಡ್ ದಾಟಿದ ಮೇಲೆ ರಿಸೆಟ್ ಮೇಲಕ್ಕೆ, ಮತ್ತೆ 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯುವಿಕೆ. ಜಿಪಿಐಒ ಆ್ಯಕ್ಟಿವ್ ಲೋ ಎಂದು ನಮೂದಾಗಿದ್ದರೆ ಕೋಡಿನಲ್ಲಿನ 1 ತಂತಿಯಲ್ಲಿ ಸೊನ್ನೆಯಾಗುತ್ತದೆ, ಹಾಗಾಗಿ ಡಿವೈಸ್ ಟ್ರೀಯನ್ನೂ ಕೋಡನ್ನೂ ಒಟ್ಟಿಗೆ ನೋಡಿ. ಶಾಶ್ವತ ಪರಿಹಾರ ಸುಲಭ: ಪರದೆಯನ್ನೂ ಅದೇ ಯುಪಿಎಸ್‌ಗೆ ಸೇರಿಸಿ.

ಪ್ರಶ್ನೆ: ಜಡಿಮಳೆ ಹಿಡಿದರೆ ಪರದೆ ಯಾರೂ ಮುಟ್ಟದೆಯೇ ಒತ್ತಿಕೊಳ್ಳುತ್ತದೆ. ಡ್ರೈವರಿನಲ್ಲೇ ಸೋಸುವ ಕೋಡ್ ಸೇರಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಸೇರಿಸಬೇಡಿ. ಡ್ರೈವರಿಗೆ ಬರುವುದು ಚಿಪ್ ಲೆಕ್ಕ ಹಾಕಿ ಮುಗಿಸಿದ ಬಿಂದುಗಳು ಮಾತ್ರ. ಅವುಗಳಲ್ಲಿ ನೀರ ಹನಿ ಯಾವುದು, ಬೆರಳು ಯಾವುದು ಎಂದು ಆಮೇಲೆ ಊಹಿಸಹೊರಟರೆ ನಿಜವಾದ ಸ್ಪರ್ಶಗಳೂ ಕಳೆದುಹೋಗುತ್ತವೆ. ಮೊದಲು ಪರದೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಬಂದ ಸ್ಪರ್ಶಗಳನ್ನು ತೋರಿಸುವ ಇವಿಟೆಸ್ಟ್ ಓಡಿಸಿ, ಕೈ ದೂರವಿಟ್ಟು ನೋಡಿ. ಆಗಲೂ ಬಿಂದುಗಳು ಬರುತ್ತಿದ್ದರೆ ಅಡಾಪ್ಟರ್ ಬಿಚ್ಚಿ ಪವರ್ ಬ್ಯಾಂಕಿನಿಂದ ನಡೆಸಿ. ನಿಂತರೆ ದೋಷ ಅಡಾಪ್ಟರಿನ ಗದ್ದಲದ್ದು. ಒರೆಸಿದ ಕೂಡಲೇ ನಿಂತರೆ ನೀರಿನದ್ದು. ಆಗ ಚಿಪ್‌ನ ಕಾನ್ಫಿಗರೇಶನ್‌ನಲ್ಲಿ ಸ್ಪರ್ಶದ ಮಿತಿಯನ್ನು (ಎಷ್ಟು ಬಲದ ಸಂಕೇತವನ್ನು ಸ್ಪರ್ಶವೆಂದು ಎಣಿಸಬೇಕು ಎಂಬುದನ್ನು) ಸ್ವಲ್ಪಸ್ವಲ್ಪವಾಗಿ ಏರಿಸಿ. ಜಿಟಿ911ರಲ್ಲಿ ಈ ಕಾನ್ಫಿಗರೇಶನ್ ಎಂದರೆ ಹೆಕ್ಸ್ 8047ರಿಂದ 80ಎಫ್‌ಇವರೆಗಿನ 184 ಬೈಟ್. ಅವುಗಳ ಮೊತ್ತದ ಟೂಸ್ ಕಾಂಪ್ಲಿಮೆಂಟಿನ (ಋಣ ರೂಪದ) ಕೊನೆಯ ಬೈಟನ್ನು 80ಎಫ್‌ಎಫ್‌ಗೂ, 1 ಎಂಬುದನ್ನು 8100ಕ್ಕೂ ಬರೆಯಬೇಕು. ಮೊದಲಿನ 184 ಬೈಟನ್ನು ಓದಿ ಒಂದು ಫೈಲಿನಲ್ಲಿ ಉಳಿಸಿಕೊಂಡ ಮೇಲೆಯೇ ಇದಕ್ಕೆ ಕೈ ಹಾಕಿ.