ಕಾಫಿಯೂ ಹೊರಗಿನದೇ, ಲಂಟಾನವೂ ಹೊರಗಿನದೇ. ಸಿಟ್ಟು ಮಾತ್ರ ಲಂಟಾನದ ಮೇಲೆ ಯಾಕೆ?

ನೀವು ಕೇಳಿದ್ದು ಇಷ್ಟು: ಕಾಫಿ ಗಿಡ ಹೊರದೇಶದ್ದು, ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಕೂಡ ಹೊರದೇಶದ್ದು. ಹಾಗಿದ್ದ ಮೇಲೆ ಲಂಟಾನ ಎಂಬ ಪೊದೆಗಿಡ ಕಂಡರೆ ಮಾತ್ರ ಮಲೆನಾಡಿನವರು ಯಾಕೆ ಉರಿದು ಬೀಳುತ್ತಾರೆ?

ನ್ಯಾಯವಾದ ಪ್ರಶ್ನೆಯೇ. ನಾನು ಸಕಲೇಶಪುರದ ಕಡೆಯವನು, ನಾಲ್ಕು ಎಕರೆ ಕಾಫಿ ಇದೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಹಾಸನದ ಆಲೂಗಡ್ಡೆ, ಸಾರಿನ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಹೊರಗಿನದನ್ನೆಲ್ಲ ಬೇಡ ಅಂದರೆ ಊಟದೆಲೆ ಅರ್ಧ ಖಾಲಿ.

ಆದರೆ ಆಲೂಗಡ್ಡೆ ನೆಟ್ಟ ಹೊಲ ಬಿಟ್ಟು ಕಾಡಿಗೆ ಹೋಗುವುದಿಲ್ಲ, ಅಲ್ವಾ? ಲಂಟಾನ ಹೋಗುತ್ತದೆ. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಅಂದಕ್ಕೆಂದು ಕಲ್ಕತ್ತೆಗೆ ತಂದ ಹೂಗಿಡ ಅದು. ನಮ್ಮ ಬೇಲಿಯ ಹತ್ತಿರ ಬಂದರೆ ಅದರ ದಾರಿ ತೋರಿಸುತ್ತೇನೆ. ಪಿಕಳಾರ ಹಕ್ಕಿ ಅದರ ಕಪ್ಪು ಹಣ್ಣು ತಿಂದು ತಂತಿಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ತಂತಿಯ ನೇರಕ್ಕೆ ಕೆಳಗೆ ಸಸಿಗಳ ಸಾಲು, ಯಾರೋ ಹಗ್ಗ ಹಿಡಿದು ನೆಟ್ಟ ಹಾಗೆ! ದನ ಬಾಯಿ ಹಾಕುವುದಿಲ್ಲ, ಹಾಕಿದರೆ ವಿಷ. ಅದರ ಊರಾದ ಅಮೆರಿಕದಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಹುಳುಗಳು ಇಲ್ಲಿಗೆ ಜೊತೆಗೆ ಬರಲಿಲ್ಲ. ಪೊದೆ ಕಟ್ಟಿತೆಂದರೆ ಕೆಳಗೆ ಹೊನ್ನೆ, ನಂದಿ ಮರಗಳ ಸಸಿಗೆ ಬೆಳಕೇ ಇಲ್ಲ. ಬೇಸಿಗೆಯಲ್ಲಿ ಒಣಗಿದ ಪೊದೆ ಹಿಡಿದುಕೊಂಡು ನೆಲದ ಬೆಂಕಿ ಮರದ ತಲೆಗೆ ಏರುತ್ತದೆ.

ಕತ್ತಿಯಲ್ಲಿ ಸವರುವುದು ಸುಮ್ನೆ ಕೂಲಿ ದಂಡ. ಒಂದು ಕಡಿದರೆ ಬುಡದಿಂದ ಐದು ಚಿಗುರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬುಡ ಬಿಡಿಸಿ, ಚಿಗುರುವ ಗಂಟಿನ ಕೆಳಗೆ ಬೇರು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಆ ಜಾಗದಲ್ಲಿ ತಕ್ಷಣ ಬೇರೇನಾದರೂ ನೆಡಿ. ಖಾಲಿ ಬಿಟ್ಟರೆ ಯುಪಟೋರಿಯಂ ಎಂಬ ಕಳೆ ಬಂದು ಕೂರುತ್ತದೆ, ಅದೂ ಅಮೆರಿಕದ ನೆಂಟನೇ.

ಪ್ರಾಣಿಗಳ ಕಥೆ ಇನ್ನೂ ಕೆಟ್ಟದು. ಇದರಲ್ಲಿ ತಪ್ಪು ನನ್ನದೇ. ಮೂರು ವರ್ಷದ ಹಿಂದೆ ಅಡಿಕೆ ಸಸಿ ತಂದೆ, ಚೀಲದ ಮಣ್ಣನ್ನು ಕೆದಕಿ ನೋಡಲಿಲ್ಲ. ಮರು ಮಳೆಗಾಲ ಒಂದು ರಾತ್ರಿ ಟಾರ್ಚ್ ಬಿಟ್ಟರೆ ಕಾಫಿ ಗಿಡದ ಮೈ ತುಂಬ ಅಂಗೈಯುದ್ದದ ಶಂಖುಹುಳು, ಅಂದರೆ ಆಫ್ರಿಕದ ದೊಡ್ಡ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದದ್ದರ ಸಂತಾನ. ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ, ಒಂದು ಸಲಕ್ಕೆ ನೂರು ದಾಟಿ ಮೊಟ್ಟೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಚೂರು ಇಡುತ್ತೇನೆ, ಬೆಳಿಗ್ಗೆ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಹುಳ ಅದರೊಳಗೆ ಇರಬಹುದು. ಆ ಉಪ್ಪುನೀರನ್ನು ಗಿಡದ ಬುಡಕ್ಕೂ ಚೆಲ್ಲಬೇಡಿ.

ಸಿಲ್ವರ್ ಓಕ್ ವಿಷಯಕ್ಕೆ ಬಂದರೆ, ಅದು ತಾನಾಗಿ ಕಾಡು ನುಂಗಿಲ್ಲ. ನೆಟ್ಟವರು ನಾವು. ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಬೀಟೆಯ ಹಾಗೆ ಅನುಮತಿಗೆ ಅಲೆಯಬೇಕಿಲ್ಲ. ಅದಕ್ಕೇ ಊರ ಮರ ತೆಗೆದು ಅದನ್ನು ತುಂಬಿದೆವು. ಅದಕ್ಕೆ ಮರವನ್ನು ಬೈದು ಏನು ಪ್ರಯೋಜನ?

ಕಾಫಿಯನ್ನೂ ಪೂರ್ತಿ ಸಾಚಾ ಅನ್ನಲಾರೆ. ರೋಬಸ್ಟಾ ಜಾತಿಯ ಕಾಫಿ ತೋಟದ ಗಡಿ ದಾಟುತ್ತದೆ. ಕಳೆದ ವರ್ಷ ನಮ್ಮ ಮೇಲಿನ ಕಾಡಿನಂಚಿನಲ್ಲಿ ಮೊಣಕಾಲೆತ್ತರದ ಸಸಿ ಹನ್ನೊಂದು ಸಿಕ್ಕವು. ಹಣ್ಣು ತಿಂದ ಪುನುಗು ಬೆಕ್ಕಿನ ಕೆಲಸ ಇರಬೇಕು. ಎಲ್ಲವನ್ನೂ ಬೇರು ಸಮೇತ ಕಿತ್ತೆ. ಬಿಸಾಡಲು ಮನಸ್ಸು ಬರಲಿಲ್ಲ, ತೋಟದಲ್ಲಿ ಗಿಡ ಸತ್ತ ಗುಂಡಿಗಳಿಗೆ ನೆಟ್ಟೆ.